ಎರಡು ಮಕ್ಕಳ ನಗರಸೇವಕ

ಮಹಾರಾಷ್ಟ್ರದ ಸಂಭಾಜಿನಗರದ ಆ ಗಲ್ಲಿಯಲ್ಲಿ ನಲ್ಲಿ ನೀರು ಬರುವುದು ವಾರಕ್ಕೊಮ್ಮೆ, ಅದೂ ಅದಕ್ಕೆ ಮನಸ್ಸಿದ್ದರೆ. ನೀರಿನ ದಿನ ಚನ್ನಮ್ಮ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳುವವಳಲ್ಲ. ಡ್ರಮ್ಮು, ಹಂಡೆ, ಬಕೆಟ್ಟು, ಕೊನೆಗೆ ಹಿಟ್ಟು ಕಲಸುವ ಪರಾತ ಕೂಡ ತುಂಬುವವರೆಗೆ ಬಾಗಿಲಿಗೆ ದೇವರು ಬಂದರೂ ಹೊರಗೇ ನಿಲ್ಲಬೇಕು. ಅಂಥದೊಂದು ನವೆಂಬರ್ ಬೆಳಗ್ಗೆ ಅವಳು ಪೈಪು ಹಿಡಿದು ನಿಂತಿದ್ದಾಗ, ಒಳಗೆ ಗಂಡ ಪರಮೇಶ್ವರ ಫೋನಿನಲ್ಲಿ "ಹೂಂ... ಹೂಂ... ಆಯ್ತಪ, ನೀ ಹೇಳ್ದಂಗ" ಎನ್ನುತ್ತಿದ್ದುದು ಕೇಳಿಸಿತು. ಅವನಿಂದ ಹಾಗೆ ಹೂಂಗುಟ್ಟಿಸುವವನು ಭೂಮಿಯ ಮೇಲೆ ಒಬ್ಬನೇ: ನಾಸಿಕದಲ್ಲಿರುವ ತಮ್ಮ ಶಿವಲಿಂಗ, ಮಹಾನಗರಪಾಲಿಕೆಗೆ ನಾಲ್ಕು ಸಲ ಗೆದ್ದ ನಗರಸೇವಕ.

"ಏನಂತ ನಿಮ್ಮ ತಮ್ಮಂದು?"

"ಏನಿಲ್ಲ. ಚುನಾವಣಿ ಬಂತಲ್ಲ. ಮೀಸಲಾತಿ ಚೀಟಿ ಎತ್ತಿದಾಗ ಅವನ ಸೀಟು ಹೆಣ್ಮಕ್ಕಳಿಗೆ ಹೋಯ್ತಂತ."

"ಹೋಗ್ಲಿ. ತಿಂದದ್ದು ಸಾಕು. ಹೆಂಡ್ತಿನ್ನ ನಿಲ್ಲಸ್ತಾನೇನು?"

ಪರಮೇಶ್ವರ ಒಣಗಿದ ಮುಖವನ್ನೇ ಟವೆಲ್ಲಿನಿಂದ ಇನ್ನೊಮ್ಮೆ ಒರೆಸಿಕೊಂಡ.

"ಜಯಮಾಲಾನ್ನ ಅಲ್ಲ. ನಮ್ಮ ವೈಷ್ಣವಿನ್ನ ನಿಲ್ಲಸ್ತೀನಿ ಅನ್ಲತ್ತಾನ."

ಪೈಪು ಕೈಯಿಂದ ಜಾರಿತು. ನೀರು ಅಂಗಳದಲ್ಲಿ ಹರಿದು ಗಟಾರಕ್ಕೆ ಸೇರಿದರೂ ಚನ್ನಮ್ಮ ನೋಡುತ್ತ ನಿಂತಳು. ಆ ಮನೆಯಲ್ಲಿ ಹಾಗೆ ನೀರು ಹರಿದುಹೋದದ್ದು ಅದೇ ಮೊದಲು.

"ಅವಳ ವೋಟು ಇಲ್ಲಿ ಅದ. ಅಲ್ಲಿ ಹ್ಯಾಂಗ ನಿಲ್ತಾಳ?"

"ಇಲ್ಲಿ ಇಲ್ಲ. ಲಾ ಕಾಲೇಜಿಗೆ ಅಂತ ಅವನ ಮನಿಗೆ ಹೋದ್ಲಲ್ಲ, ಆಗ್ಲೇ ಹೆಸರು ನಾಸಿಕಕ್ಕ ತೆಗಸ್ಯಾನ."

"ನಿಮಗ ಗೊತ್ತಿತ್ತು?"

"ಕೇಳಿದ್ದ. ಹೂಂ ಅಂದಿದ್ದೆ."

"ನಿಮ್ಮ ಹೂಂಗಿಷ್ಟು ಬೆಂಕಿ ಹಾಕ!" ಎಂದು ಚನ್ನಮ್ಮ ಪೈಪು ಎತ್ತಿ ಬಕೆಟ್ಟಿಗೆ ಕುಟ್ಟಿದಳು. "ಕಾಲೇಜು ಅಂತ ಕರ್ಕೊಂಡು ಹೋಗಿ ಒಳಗೊಳಗ ಇದನ್ನ ಮಾಡ್ಯಾನ ಏನು!"

ಅವಳ ಸಿಟ್ಟು ಚುನಾವಣೆಯ ಮೇಲಲ್ಲ. ಇಪ್ಪತ್ತೊಂದು ವರ್ಷದಿಂದ ತನ್ನ ಮಗಳೆಂದು ಸಾಕಿದ ಹುಡುಗಿ ಹುಟ್ಟಿದ್ದು ಶಿವಲಿಂಗ ಜಯಮಾಲಾರಿಗೆ. ಊರಿಗೆ ಹೇಳದೆ ಕೊಟ್ಟವರು ಈಗ ತನಗೂ ಹೇಳದೆ ಹಿಂದಕ್ಕೆ ಒಯ್ಯುತ್ತಿದ್ದಾರೆ ಎಂಬುದು ಅವಳಿಗೆ ಆ ಕ್ಷಣದಲ್ಲೇ ತಿಳಿಯಿತು. ವೈಷ್ಣವಿಗೆ ಮಾತ್ರ ಇದೊಂದೂ ಗೊತ್ತಿರಲಿಲ್ಲ.

ಶಿವಲಿಂಗನ ರಾಜಕೀಯ ಶುರುವಾದದ್ದು ಗೋಣಿಚೀಲದ ಮೇಲೆ. ಅಪ್ಪ ವಿಶ್ವನಾಥಪ್ಪ ಭಾಲ್ಕಿಯಿಂದ ಬಂದು ನಾಸಿಕದ ಉಳ್ಳಾಗಡ್ಡಿ ವ್ಯಾಪಾರಿಗಳಿಗೆ ಖಾಲಿ ಚೀಲ ಮಾರಿ ಮನೆ ಕಟ್ಟಿದ ಮನುಷ್ಯ. ಹಿರಿಯ ಮಗನಿಗೆ ಚೀಲದ ದಂಧೆ ಹಿಡಿಯಿತು. ಅವನನ್ನು ಸಂಭಾಜಿನಗರಕ್ಕೆ ಕಳಿಸಿ, ಸಿಲ್ಲೋಡಿನ ಗೋವಿನಜೋಳದ ಅಡತಿಯವರಿಗೆ ಚೀಲ ಒದಗಿಸಲು ಹಚ್ಚಿದರು. ಕಿರಿಯನಿಗೆ ಬಾಯಿ ಹಿಡಿಯಿತು. ಅಂಗಡಿಯ ಚೀಲದ ರಾಶಿ ಏರಿ ಕೂತು ಪೇಪರನ್ನು ಗಟ್ಟಿಯಾಗಿ ಓದುತ್ತ, ಓದಿದ್ದಕ್ಕೆ ತನ್ನದೂ ನಾಲ್ಕು ಮಾತು ಸೇರಿಸುತ್ತ, ಗಣಪತಿ ಮಂಡಳದ ಅಧ್ಯಕ್ಷನಾದ. ಬಸವ ಜಯಂತಿಯ ಮೆರವಣಿಗೆಯಲ್ಲಿ ಮುಂದಿನ ಸಾಲಿಗೆ ಬಂದ. ಎರಡು ಸಾವಿರದ ಎರಡರಲ್ಲಿ ನಗರಸೇವಕನಾದ. ಆಮೇಲೆ ಮೂರು ಪಕ್ಷ ಬದಲಿಸಿದ. ಒಂದೊಂದು ಸಲವೂ ಜನಕ್ಕಾಗಿ ಬಂದೆ ಎಂದ. ಅವನ ವಾರ್ಡಿನ ರಸ್ತೆಗಳು ಅಗೆದಷ್ಟು ಸಲ ಮುಚ್ಚಲಿಲ್ಲ, ಆದರೆ ಪ್ರತಿ ಮೂಲೆಗೂ ಅವನ ಹೆಸರಿನ ಕಮಾನು ಮಾತ್ರ ಎದ್ದಿತು.

ಮಹಾರಾಷ್ಟ್ರದಲ್ಲಿ ಒಂದು ಕಾಯಿದೆ ಇದೆ. ಎರಡು ಮಕ್ಕಳ ಮೇಲೆ ಮೂರನೆಯದು ಹುಟ್ಟಿದರೆ ನಗರಸೇವಕನ ಕುರ್ಚಿ ಹೋಯಿತು, ಮುಂದೆ ನಿಲ್ಲುವ ಹಾಗೂ ಇಲ್ಲ. ಶಿವಲಿಂಗನಿಗೆ ವಿನಯ, ತನ್ಮಯ ಎಂಬ ಇಬ್ಬರು ಗಂಡುಮಕ್ಕಳು ಆಗಲೇ ಇದ್ದರು. ಗೆದ್ದು ಎರಡು ವರ್ಷಕ್ಕೆ ಜಯಮಾಲಾ ಮತ್ತೆ ಬಸುರಾದಳು. ತಿಳಿಯುವ ಹೊತ್ತಿಗೆ ಐದು ತಿಂಗಳು, ಡಾಕ್ಟರು ತೆಗೆಯಲಾಗದೆಂದರು. ದಾರಿ ಕಂಡುಹಿಡಿದವಳು ಅತ್ತೆ ಈರಮ್ಮ. "ಹಿರೇ ಸೊಸಿಗಿ ಬೇಕು ಅಂದ್ರ ಇಲ್ಲ, ಕಿರೇ ಸೊಸಿಗಿ ಇದ್ರ ಬ್ಯಾಡ. ಇದರಾಗ ಚಿಂತಿ ಮಾಡೂದೇನದ?" ಎಂದಳು ಮುದುಕಿ, ಬೆಳ್ಳುಳ್ಳಿ ಸುಲಿಯುತ್ತ.

ಜಯಮಾಲಾಳನ್ನು ಭಾಲ್ಕಿಯ ತವರಿಗೆ ಕಳಿಸಿ ಒಳಕೋಣೆಯಲ್ಲಿ ಇಟ್ಟರು. ನಾಸಿಕದಲ್ಲಿ ಚನ್ನಮ್ಮ ಬಸುರಿಯೆಂದು ಸಾರಿ ಅವಳಿಗೆ ಕುಬಸ ಮಾಡಿದರು. ಊರೆಲ್ಲ ನೋಡಬೇಕು ಎಂದು ಮಂಗಲ ಕಾರ್ಯಾಲಯ ಹಿಡಿದು, ಮುನ್ನೂರು ಹೆಂಗಸರನ್ನು ಕರೆದು, ಈರಮ್ಮ ತಾನೇ ಹೊಲಿದ ದಿಂಬನ್ನು ಯಾರಿಗೂ ಕಾಣದಂತೆ ಹೊಟ್ಟೆಗೆ ಬಿಗಿದು, ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ ಕೂರಿಸಿದರು. ಮದುವೆಯಾಗಿ ಹನ್ನೊಂದು ವರ್ಷ ಬಂಜೆ ಅನ್ನಿಸಿಕೊಂಡವಳು ಮೂರು ತಾಸು ಆ ದಿಂಬಿನ ಮೇಲೆ ಕೈಯಿಟ್ಟು ಕೂತಳು. ಹೆಂಗಸರು ಹಾಡು ಹೇಳಿದರು, ಬಾಯಿಗೆ ಐದು ನಮೂನೆಯ ಅನ್ನ ತುರುಕಿದರು. ನಾಚಿಕೆಯಿಂದ ಅವಳಿಗೆ ವಾಂತಿಯಾದಾಗ, ಒಳ್ಳೆಯ ಲಕ್ಷಣ ಎಂದು ನಕ್ಕರು.

ಚನ್ನಮ್ಮ ಯಾಕೆ ಒಪ್ಪಿದಳು? ಮಗು ಬೇಕಾಗಿತ್ತು. ಅದಕ್ಕಿಂತ ದೊಡ್ಡ ಕಾರಣ ಹುಡುಕುವುದು ಸುಳ್ಳು. ಭಾಲ್ಕಿಯ ಮನೆಯಲ್ಲೇ ಹೆರಿಗೆಯಾಯಿತು. ದಾಖಲೆಯಲ್ಲಿ ತಾಯಿ ಚನ್ನಮ್ಮ, ತಂದೆ ಪರಮೇಶ್ವರ ಎಂದು ಜಯಮಾಲಾಳ ಅಪ್ಪನೇ ಬರೆಸಿ ಬಂದ. ಹದಿಮೂರನೆಯ ದಿನ ಕೂಸನ್ನು ಎತ್ತಿಕೊಂಡು ಚನ್ನಮ್ಮ ಸಂಭಾಜಿನಗರದ ಮನೆ ಸೇರಿದಳು. ಹಾಲು ಬತ್ತಲೆಂದು ಜಯಮಾಲಾಳ ಎದೆಗೆ ಮಲ್ಲಿಗೆ ಹೂ ಕಟ್ಟಿದ್ದನ್ನು ಕಂಡೂ ಕಾಣದಂತೆ ಬಂದಿದ್ದಳು. ಜ್ಯೋತಿಷಿ ಹೇಳಿದ ಅಕ್ಷರಕ್ಕೆ ವೈಷ್ಣವಿ ಎಂದು ಹೆಸರಿಟ್ಟರು. ಲಿಂಗ ಕಟ್ಟಿದ ಮನೆಯಲ್ಲಿ ವೈಷ್ಣವಿ ಎಂದು ನೆಂಟರು ಮುಸಿಮುಸಿ ನಕ್ಕರೆ, ಚನ್ನಮ್ಮ "ನನ್ನ ಮಗಳು, ನನ್ನ ಇಚ್ಛೆ" ಅನ್ನುತ್ತಿದ್ದಳು. ನನ್ನ ಮಗಳು ಎಂಬ ಎರಡು ಶಬ್ದ ಹೇಳುವ ಸುಖಕ್ಕಾಗಿಯೇ ಜಗಳ ತೆಗೆಯುತ್ತಿದ್ದಳು.

ಫೋನು ಬಂದ ಮೂರನೆಯ ದಿನ, ನಲವತ್ತು ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ ಕಟ್ಟಿಕೊಂಡು ಚನ್ನಮ್ಮ ಎಸ್.ಟಿ. ಬಸ್ಸು ಹತ್ತಿದಳು. ನಾಸಿಕದಲ್ಲಿ ಶಿವಲಿಂಗನ ಪಂಚವಟಿಯ ಮನೆಯ ಮುಂದೆ ಮೂವತ್ತು ಜೋಡು ಚಪ್ಪಲಿ ಬಿದ್ದಿದ್ದವು. ಮುಂದಿನ ಕೋಣೆ ಕಾರ್ಯಕರ್ತರಿಂದ ತುಂಬಿತ್ತು. ನಡುವೆ ನೀಲಿ ಸೀರೆಯುಟ್ಟು, ಕೈಯಲ್ಲಿ ಮತದಾರರ ಪಟ್ಟಿ ಹಿಡಿದು, ಒಬ್ಬ ನರೆತ ಮನುಷ್ಯನನ್ನು ಮರಾಠಿಯಲ್ಲಿ ಗದರುತ್ತಿದ್ದ ಹುಡುಗಿಯನ್ನು ನೋಡಿ, ಇವಳು ಯಾರು ಎಂದು ಒಂದು ಕ್ಷಣ ಅನ್ನಿಸಿತು. ಜೀನ್ಸ್ ಬಿಟ್ಟು ಬೇರೆ ಉಡದ ವೈಷ್ಣವಿ ಅದು.

"ಅವ್ವಾ! ಫೋನ್ ತರೀ ಕರಾಯ್ಚಾ!" ಫೋನಾದರೂ ಮಾಡಬಾರದಿತ್ತೇ ಎಂದು ಮಗಳು ಮರಾಠಿಯಲ್ಲೇ ದೂರುತ್ತ ಓಡಿಬಂದು ತಬ್ಬಿಕೊಂಡಳು. "ನೋಡು, ಸೀರಿ ನಾನೇ ಉಟ್ಟೀನಿ. ಕಾಕಾ ಹೇಳ್ತಾರ, ಐ ಆ್ಯಮ್ ಎ ನ್ಯಾಚುರಲ್ ಅಂತ."

"ಪರೀಕ್ಷಾ ಯಾವಾಗ?"

"ಜನವರಿ. ಮ್ಯಾನೇಜ್ ಆಗ್ತದ ಅವ್ವ."

ಅವಳ ಕಣ್ಣಿನಲ್ಲಿ ಹೊಳಪಿತ್ತು. ಮೈಕಿನ ಮುಂದೆ ನಿಂತ ಶಿವಲಿಂಗನ ಕಣ್ಣಿನಲ್ಲಿ ಚನ್ನಮ್ಮ ನೋಡಿದ್ದ ಹೊಳಪು ಅದು.

ಮಧ್ಯಾಹ್ನ ಕಾರ್ಯಕರ್ತರು ಚದುರಿದ ಮೇಲೆ ಶಿವಲಿಂಗ ಊಟಕ್ಕೆ ಕೂತ. ಅತ್ತಿಗೆ ಚನ್ನಮ್ಮ ಬಡಿಸಲು ನಿಂತಳು.

"ವೈನಿ, ನಿಮ್ಮ ಕೈ ರೊಟ್ಟಿ ಅಂದ್ರ ರೊಟ್ಟಿ."

"ರೊಟ್ಟಿ ಮಾತು ಬಿಡ್ರಿ. ಹುಡುಗಿನ್ನ ಇದರಾಗ ಎಳೀಬ್ಯಾಡ್ರಿ."

"ಎಳೀಲಾಕ ಏನದ? ಖುಷಿಲೆ ಬರ್ಲತ್ತಾಳ. ಪಕ್ಷದವರಿಗೆ ಕಲಿತ ಹುಡುಗಿ ಬೇಕಂತ. ನಗರಸೇವಿಕಾ ಆದ್ರ ನಿಮಗೇನು ನುಕಸಾನ?"

"ಹುಟ್ಟಿದಾಗ ನಿಮ್ಮ ಕುರ್ಚಿಗಿ ಅಡ್ಡ ಬಂದ್ಳು, ಕೊಟ್ರಿ. ಈಗ ಕುರ್ಚಿಗಿ ಬೇಕಾದ್ಳು, ಒಯ್ಲತ್ತೀರಿ. ನಡುವ ನಾ ಏನು, ನಿಮ್ಮ ಗೋಡೌನೇನು? ಇಟ್ಟು ತಗೋಳಾಕ?"

ಶಿವಲಿಂಗ ಬಾಗಿಲ ಕಡೆ ನೋಡಿದ. ಆಮೇಲೆ ಹಿಂಡಿಗೆ ಎಣ್ಣೆ ಹಾಕಿಕೊಂಡು, ಸಾವಕಾಶವಾಗಿ ಕಲಸಿದ.

"ಹಂಗಾದ್ರ ಹೇಳಿಬಿಡ್ರಿ, ವೈನಿ. ಪೇಪರದವರಿಗಿ ಹೇಳ್ರಿ, ಹುಡುಗಿಗಿ ಭೀ ಹೇಳ್ರಿ. ನಾ ಏನಾಗ್ತೀನಿ? ಮಾಜಿ ಆಗ್ತೀನಿ. ಅದು ಈಗ್ಲೂ ಆಗೀನಿ. ನೀವೇನಾಗ್ತೀರಿ ವಿಚಾರ ಮಾಡ್ರಿ. ಇವತ್ತು ಅವ್ವ ಇದ್ದೀರಿ. ನಾಳಿ ದೊಡ್ಡವ್ವ ಆಗ್ತೀರಿ."

ಚನ್ನಮ್ಮನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ಉಳಿಯಿತು. ಅವನನ್ನು ಮುಗಿಸಬಲ್ಲ ಮಾತು ತನ್ನ ಬಾಯಿಯಲ್ಲಿದೆ, ಅದನ್ನು ಆಡಿದರೆ ಮೊದಲು ಮುಗಿಯುವವಳು ತಾನೇ. ಇದನ್ನು ಅವನು ಇಪ್ಪತ್ತೊಂದು ವರ್ಷದಿಂದ ಬಲ್ಲ. ಅದಕ್ಕೇ ಇಷ್ಟು ನೆಮ್ಮದಿಯಿಂದ ಉಣ್ಣುತ್ತಾನೆ.

ಅಡಿಗೆಮನೆಯಲ್ಲಿ ಜಯಮಾಲಾ ಸಂಜೆಯ ಚಹಾಕ್ಕೆ ಶುಂಠಿ ಜಜ್ಜುತ್ತಿದ್ದಳು. ನೆಗೆಣ್ಣಿಯರಿಬ್ಬರೂ ಒಂದೇ ಒಲೆಯ ಮುಂದೆ ನಿಂತು ಮಾತಾಡಿ ಎಷ್ಟೋ ವರ್ಷವಾಗಿತ್ತು. ದೀಪಾವಳಿಗೆ ಬಂದಾಗ ಹುಡುಗಿ ಸೊರಗ್ಯಾಳ, ತಲಿಗಿ ಎಣ್ಣಿ ಇಲ್ಲ ಎಂದು ಜಯಮಾಲಾ ಚುಚ್ಚುವುದು, ಸಂಜೆಗೇ ಚನ್ನಮ್ಮ ಮಗಳನ್ನು ಹೊರಡಿಸುವುದು, ಇಷ್ಟೇ ಅವರ ವ್ಯವಹಾರ.

"ನೀ ನಿಲ್ಲಬಾರದೇನು ಚುನಾವಣಿಗಿ? ಗಂಡಂದು ಸೀಟು, ಹೆಂಡ್ತಿ ನಿಂತ್ರ ಏನಾಗ್ತದ?"

"ಅವರಿಗಿ ನಾನೇ ಬ್ಯಾಡ ಅಂದೀನಿ."

"ಯಾಕ?"

ಜಯಮಾಲಾ ಕುಟ್ಟುವುದನ್ನು ನಿಲ್ಲಿಸಲಿಲ್ಲ. "ಫಾರ್ಮಿನ್ಯಾಗ ಪ್ರಮಾಣ ಮಾಡಿ ಬರೀಬೇಕು, ಎಷ್ಟು ಮಕ್ಕಳಂತ. ಅವರು ಮೂರು ಸಲ ಎರಡು ಅಂತ ಸುಳ್ಳು ಬರದಾರ. ಗಂಡಸರಿಗಿ ಬರೀಲಾಕ ಬರ್ತದ. ಹಡದಾಕಿಗಿ ಬರಲ್ಲ, ಅಕ್ಕ."

ಹಡೆದಾಕಿ ಎಂಬ ಶಬ್ದ ಚನ್ನಮ್ಮನಿಗೆ ಕೆನ್ನೆಗೆ ಹೊಡೆದಂತೆ ತಾಗಿತು. "ಹಡದಾಕಿ ಹದಿಮೂರನೇ ದಿನಕ್ಕ ಎತ್ತಿ ಕೊಟ್ಟಳು. ಅದು ನೆನಪದ ಏನು?"

"ಕೊಟ್ಟಿಲ್ಲ. ನೀವು ಒಯ್ದ್ರಿ. ನಾ ಮಲಗಿದ್ದೆ."

"ಹಂಗಾದ್ರ ಆಗ್ಲೇ ಬಾಯಿ ಬಿಡಬೇಕಿತ್ತು!"

"ನನ್ನ ಬಾಯಿ ಯಾರು ಕೇಳ್ತಿದ್ರು? ನಿಮ್ಮ ಕುಬಸದ ಹಾಡು ಅಷ್ಟು ಜೋರಿತ್ತು."

ಹೊರಗೆ ವೈಷ್ಣವಿಯ ನಗು ಕೇಳಿತು. ಜಯಮಾಲಾ ಚಹಾದ ಪಾತ್ರೆ ಒಲೆಗೆ ಇಟ್ಟಳು. ಆ ದಿನವೇ ಚನ್ನಮ್ಮ ಹಿಂದಿರುಗಿದಳು. ಮಗಳು ಬಸ್‌ಸ್ಟ್ಯಾಂಡಿಗೂ ಬರಲಿಲ್ಲ. ಯಾವುದೋ ಸೊಸೈಟಿಯಲ್ಲಿ ಮೀಟಿಂಗ್ ಇತ್ತಂತೆ.

ಮುಂದಿನ ನಾಲ್ಕು ವಾರ ಪರಮೇಶ್ವರನ ತಟ್ಟೆಗೆ ಬಿದ್ದದ್ದು ಒಂದೋ ಉಪ್ಪಿಲ್ಲದ ಪಲ್ಯ, ಇಲ್ಲ ಉಪ್ಪೇ ಇದ್ದ ಬೇಳೆ. ಅವನು ಉಂಡ. ಒಂದು ದಿನ ಮಾತ್ರ "ಇಷ್ಟು ಸಿಟ್ಟಿದ್ರ ನನ್ನ ಬೈ, ಬ್ಯಾಳಿ ಏನ್ ಮಾಡ್ಯದ?" ಎಂದ. "ಬ್ಯಾಳಿ ಕುದೀತದ. ನೀವು ಅದೂ ಕುದಿಯಲ್ಲ" ಎಂದಳು ಅವಳು.

ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ ಬಂತು. ಬೀದರಿನ ಕಡೆಯವರಿಗೆ ಅದು ದೀಪಾವಳಿಗಿಂತ ದೊಡ್ಡ ಹಬ್ಬ. ಹೊಲಕ್ಕೆ ಹೋಗಿ ಪಾಂಡವರ ಪೂಜೆ ಮಾಡಿ, ಪೈರಿಗೆ ಚರಗದ ನೈವೇದ್ಯ ಚೆಲ್ಲಿ, ಭಜ್ಜಿ, ಸಜ್ಜೆ ಕಡಬು, ಅಂಬಲಿ ಉಣ್ಣಬೇಕು. ಹೊಲ ಇಲ್ಲದ ನಗರಸೇವಕ ದಿಂಡೋರಿಯಲ್ಲಿ ತನ್ನ ಬೆಂಬಲಿಗನೊಬ್ಬನ ದ್ರಾಕ್ಷಿ ತೋಟ ಹಿಡಿದಿದ್ದ. ವಾರ್ಡಿನ ಕನ್ನಡಿಗರಿಗೆಲ್ಲ ಅಲ್ಲೇ ಊಟ, ಒಂದೇ ಕಲ್ಲಿಗೆ ಹಬ್ಬವೂ ಪ್ರಚಾರವೂ. ಅಣ್ಣ ಅತ್ತಿಗೆ ಬರದಿದ್ದರೆ ಜನ ಏನಂದಾರು ಎಂದು ಕಾರು ಕಳಿಸಿ ಕರೆಸಿದ. ದ್ರಾಕ್ಷಿ ಬಳ್ಳಿಗಳಿಗೆ ಅಂಬಲಿ ಚೆಲ್ಲುತ್ತ ಓಡಾಡಿದ ಮಂದಿಯನ್ನು ತೋಟದ ಮರಾಠಿ ಯಜಮಾನ ಬೆಕ್ಕಸಬೆರಗಾಗಿ ನೋಡಿದ.

ಜನರ ಪಂಕ್ತಿ ಮುಗಿದ ಮೇಲೆ ಮನೆಯವರು ಬಳ್ಳಿಯ ಚಪ್ಪರದಡಿ ಬೇರೆ ಕೂತರು. ಎಂಬತ್ತೆರಡರ ಈರಮ್ಮ ತಾನೇ ಕಡಬು ಬಡಿಸುತ್ತಿದ್ದಳು. ಶಿವಲಿಂಗ ಮರುವಾರ ಫಾರ್ಮ್ ತುಂಬುವ ಮೆರವಣಿಗೆಯ ಬಗ್ಗೆ ಹೇಳುತ್ತಿದ್ದ. ಹಿರಿಮಗ ವಿನಯ ಮೊಬೈಲಿನಲ್ಲಿ ಮುಖ ಹುದುಗಿಸಿದ್ದ.

"ಫಾರ್ಮ್ ತುಂಬೂದಿಲ್ಲ," ಎಂದಳು ಚನ್ನಮ್ಮ. "ವೈಷ್ಣವಿ, ಪುಸ್ತಕ ಕಟ್ಕೋ. ಇವತ್ತ ನಮ್ಮ ಸಂಗಟ ಬಾ."

"ಅವ್ವ, ಪ್ಲೀಸ್. ಇಲ್ಲಿ ಬ್ಯಾಡ."

"ಇಲ್ಲೇ. ನಿನ್ನ ಊರ ಮಂದಿಗೆಲ್ಲ ತೋರಸ್ಲತ್ತಾರ, ನಾನು ಮನಿಮಂದಿ ಮುಂದೇ ಹೇಳ್ತೀನಿ."

"ನನಗ ಇದು ಬೇಕದ, ಅವ್ವ. ನಾ ಛಲೋ ಮಾಡ್ಲತ್ತೀನಿ. ನೀ ಯಾಕ ಕಾಕಾನ್ನ ಇಷ್ಟು ಹೇಟ್ ಮಾಡ್ತಿ?"

"ನಿನ್ನ ಕಾಕಾಗ ಏನ್ ತಿಳೀತದ! ನನ್ನ ಮಗಳು ಏನ್ ಮಾಡಬೇಕು ಅಂತ ನಾ ಹೇಳ್ತೀನಿ, ಅವನಲ್ಲ!"

ಈರಮ್ಮನ ಕೈಯ ಕಡಬು ಬುಟ್ಟಿಗೇ ಬಿತ್ತು. ಮಗನನ್ನು ಎಲ್ಲರೆದುರು ಏಕವಚನದಲ್ಲಿ ಅಂದದ್ದು ಮುದುಕಿಗೆ ತಡೆಯಲಿಲ್ಲ. "ನನ್ನ ಮಗಳು, ನನ್ನ ಮಗಳು! ಯಾರ ಮುಂದ ಹೇಳ್ತೀಯೇ? ನಿನ್ನ ಹೊಟ್ಟಿಗಿ ದಿಂಬು ಕಟ್ಟಿದಾಕಿ ನಾನು! ನನ್ನ ಮುಂದ ಹೇಳ್ತಾಳ!"

"ದಿಂಬು ಅಂದ್ರ?" ಎಂದಳು ವೈಷ್ಣವಿ.

"ಅಜ್ಜಿ, ಗಪ್ ಬಸ್, ಸುಮ್ಕಿರು," ಎಂದು ವಿನಯ ಮೊಬೈಲಿನಿಂದ ತಲೆಯೆತ್ತಿದ.

ಅವನೂ ಬಲ್ಲ ಎಂಬುದು ಆ ಒಂದು ಮಾತಿನಿಂದಲೇ ತಿಳಿದುಹೋಯಿತು. ವೈಷ್ಣವಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಅಪ್ಪ ತಟ್ಟೆ ನೋಡುತ್ತಿದ್ದ. ಕಾಕಾ ತೋಟದ ಗೇಟು ನೋಡುತ್ತಿದ್ದ, ಯಾರಾದರೂ ಕೇಳಿಸಿಕೊಂಡರೋ ಎಂದು. ಜಯಮಾಲಾ ಎದ್ದು, ತೊಳೆಯದ ಕೈಯಲ್ಲೇ ಬಳ್ಳಿಗಳ ಸಾಲಿನೊಳಗೆ ನಡೆದುಹೋದಳು. ಅವಳ ಬೆನ್ನನ್ನು ಹುಡುಗಿ ಬಹಳ ಹೊತ್ತು ನೋಡಿದಳು. ಆಮೇಲೆ ಚನ್ನಮ್ಮನನ್ನು ನೋಡಿದಳು. ಚನ್ನಮ್ಮನಿಗೆ ಅತ್ತೆಯ ಕುತ್ತಿಗೆ ಹಿಚುಕಬೇಕು ಅನ್ನಿಸಿತು, ಮಗಳ ಕಾಲು ಹಿಡಿಯಬೇಕು ಅನ್ನಿಸಿತು, ಎರಡೂ ಆಗಲಿಲ್ಲ.

ವೈಷ್ಣವಿ ತಟ್ಟೆಯಲ್ಲಿದ್ದ ಕಡಬನ್ನು ಪೂರ್ತಿ ತಿಂದಳು. ಕೈ ತೊಳೆದುಕೊಂಡಳು. "ಕಾಕಾ, ಜನ ಕಾಯ್ಲತ್ತಾರ, ನಡೀರಿ," ಎಂದು ಅವನ ಕಾರಿನಲ್ಲೇ ಹೋಗಿ ಕೂತಳು.

ಮರುವಾರ ಡೋಲು ಬಡಿಸಿಕೊಂಡು ಹೋಗಿ ಫಾರ್ಮ್ ತುಂಬಿದಳು. ವಾಟ್ಸಾಪಿನಲ್ಲಿ ಫೋಟೋ ಬಂತು: ಕೊರಳ ತುಂಬ ಹಾರ, ಪಕ್ಕದಲ್ಲಿ ಎರಡು ಬೆರಳೆತ್ತಿದ ಶಿವಲಿಂಗ. ಬ್ಯಾನರಿನಲ್ಲಿ ಅವನ ಮುಖ ಬಾಗಿಲಷ್ಟು, ಅವಳದು ಕಿಟಕಿಯಷ್ಟು. ಚನ್ನಮ್ಮ ಆ ಫೋಟೋ ಅಳಿಸಿದಳು. ಮತ್ತೆ ಪರಮೇಶ್ವರನ ಫೋನಿನಲ್ಲಿ ತೆರೆದು ನೋಡಿದಳು. ಮಗಳು ಹೋದಳು ಎಂದು ಅತ್ತಳು. ನೆತ್ತರು ನೆತ್ತರಿನ ಕಡೆಗೇ ಹೋಯಿತು, ತಾನು ಬರೀ ರೊಟ್ಟಿ ಬಡಿದುಹಾಕಿದವಳು ಎಂದು ನೆಲಕ್ಕೆ ಕೂತು ಅತ್ತಳು.

ಎರಡು ದಿನ ಬಿಟ್ಟು ಫೋನು ಬಂತು. ಹಲೋ ಇಲ್ಲ, ಅವ್ವ ಇಲ್ಲ.

"ದಿಂಬಿನ್ಯಾಗ ಏನ್ ತುಂಬಿದ್ರಿ?"

"ಏನು?"

"ಕುಬಸದ ದಿನ, ವಿನಯ ಹೇಳ್ದ. ದಿಂಬಿನ್ಯಾಗ ಏನಿತ್ತು?"

ಚನ್ನಮ್ಮ ಗೋಡೆಗೆ ಒರಗಿದಳು. "ಹತ್ತಿ ಅರಳಿ. ಮ್ಯಾಲ ಹಳಿ ಧೋತ್ರ ಸುತ್ತಿದ್ರು."

"ಭಾರ ಇತ್ತಾ?"

"ಇರ್ಲಿಲ್ಲ. ಅದಕ್ಕೇ ಅಳು ಬಂತು, ತಾಯಿ. ಭಾರಾನೇ ಇರ್ಲಿಲ್ಲ."

ವೈಷ್ಣವಿ ಒಂದೊಂದಾಗಿ ಎಲ್ಲ ಕೇಳಿದಳು. ಭಾಲ್ಕಿಯ ಕೋಣೆ, ಹದಿಮೂರನೆಯ ದಿನ, ರೈಲಿನಲ್ಲಿ ಕುಡಿಸಿದ ಬಾಟಲಿ ಹಾಲು. ಚನ್ನಮ್ಮ ಒಂದನ್ನೂ ಮುಚ್ಚಲಿಲ್ಲ. ಮಲ್ಲಿಗೆ ಹೂವಿನದನ್ನೂ ಹೇಳಿದಳು. ಹೇಳುವಾಗ ಜಯಮಾಲಾಳ ಮೇಲೆ ಸಿಟ್ಟು ಹೋಯಿತೇ ಎಂದರೆ ಇಲ್ಲ, ಆದರೆ ಹೇಳಿದಳು.

"ಎರಡನೇ ತಾರೀಖು ನಾಸಿಕಕ್ಕ ಬಾ. ಅಪ್ಪನ್ನ ಭೀ ಕರ್ಕೊಂಡು ಬಾ. ಎರಡೂವರಿ ಒಳಗ," ಎಂದು ವೈಷ್ಣವಿ ಫೋನು ಇಟ್ಟುಬಿಟ್ಟಳು.

ಹೊಸ ವರ್ಷದ ಎರಡನೆಯ ದಿನ ನಾಮಪತ್ರ ಹಿಂತೆಗೆದುಕೊಳ್ಳಲು ಕೊನೆ, ಮಧ್ಯಾಹ್ನ ಮೂರು ಗಂಟೆಯವರೆಗೆ. ಚುನಾವಣಾ ಕಚೇರಿಯ ಅಂಗಳ ಜಾತ್ರೆಯಂತಿತ್ತು. ಶಿವಲಿಂಗ ಬಂಡಾಯ ನಿಂತ ಹೆಂಗಸೊಬ್ಬಳನ್ನು ಹೇಗೋ ಒಪ್ಪಿಸಿ, ಅವಳ ಹೆಸರು ಹಿಂದಕ್ಕೆ ತೆಗೆಸಿ, ಮೆಟ್ಟಿಲ ಮೇಲೆ ನಿಂತು ಪತ್ರಕರ್ತರಿಗೆ ಮಾತು ಕೊಡುತ್ತಿದ್ದ. ಸೀಟು ಈಗ ಅಂಗೈಯಲ್ಲಿತ್ತು. ಮುಖ ಎಣ್ಣೆ ಸವರಿದಂತೆ ಮಿಂಚುತ್ತಿತ್ತು. ಪಕ್ಕದಲ್ಲಿ ಇಬ್ಬರು ಮಕ್ಕಳು, ಹಿಂದೆ ಪಕ್ಷದ ಶಾಲು ಹೊದ್ದ ಜಯಮಾಲಾ.

"ಬರ್ರಿ ವೈನಿ, ಬರ್ರಿ! ಅಭ್ಯರ್ಥಿ ತಾಯಿ ಬಂದ್ರು, ಹಾರ ತರ್ರಿ!" ಎಂದು ಅವನು ಎಲ್ಲರಿಗೆ ಕೇಳುವಂತೆ ಕೂಗಿದ. ಚನ್ನಮ್ಮ ಗೋಡೆಯ ಪಕ್ಕಕ್ಕೆ ಸರಿದು ನಿಂತಳು.

ಒಳಗಿನಿಂದ ವೈಷ್ಣವಿ ಬಂದಳು. ಸೀರೆಯಿಲ್ಲ, ಹಾರವಿಲ್ಲ, ಜೀನ್ಸು, ಬೆನ್ನಿಗೆ ಕಾಲೇಜಿನ ಚೀಲ, ಕೈಯಲ್ಲೊಂದು ಕಾಗದ.

"ಕಾಕಾ, ನಂದು ಭೀ ಆಯ್ತು."

"ಏನಾಯ್ತು?"

"ಹೆಸರು ವಾಪಸ್ ತಗೊಂಡೆ."

ಶಿವಲಿಂಗ ಮೊದಲು ನಕ್ಕ. ಕಾಗದ ಓದಿದ ಮೇಲೆ ನಗು ನಿಂತಿತು. ಗೋಡೆಯ ಗಡಿಯಾರ ನೋಡಿದ. ಮೂರು ದಾಟಿ ನಾಲ್ಕು ನಿಮಿಷ. ಇನ್ನು ಯಾರನ್ನೂ ನಿಲ್ಲಿಸುವಂತಿಲ್ಲ. ಇಪ್ಪತ್ಮೂರು ವರ್ಷದಲ್ಲಿ ಮೊದಲ ಸಲ ಆ ವಾರ್ಡಿನ ಮತಯಂತ್ರದಲ್ಲಿ ಅವನ ಮನೆಯವರ ಹೆಸರಿಲ್ಲ.

"ಯಾರ್ ಕಲಿಸಿದ್ರು ನಿನಗ ಇದು? ಆ ಹೆಂಗಸಾ?" ಎಂದು ಚನ್ನಮ್ಮನ ಕಡೆ ಬೆರಳು ಮಾಡಿದ. ಕನ್ನಡದಲ್ಲಿ ಬೈದರೆ ಪತ್ರಕರ್ತರಿಗೆ ತಿಳಿಯುವುದಿಲ್ಲ ಎಂಬುದನ್ನು ಆ ಸಿಟ್ಟಿನಲ್ಲೂ ಮರೆತಿರಲಿಲ್ಲ. "ನನ್ನ ರಾಜಕಾರಣ ಮಣ್ಣು ಮಾಡಿದ್ಳು! ಇಷ್ಟು ವರ್ಷ ನಮ್ಮ ಮನಿ ಉಪ್ಪು ಉಂಡು—"

"ಆಕಿಗಿ ಬೈಬ್ಯಾಡ," ಎಂದು ಪರಮೇಶ್ವರ ಮುಂದೆ ಬಂದ. ತಮ್ಮನಿಗೆ ಅವನು ಹೂಂ ಅಲ್ಲದೆ ಬೇರೆ ಏನಾದರೂ ಅಂದದ್ದನ್ನು ಚನ್ನಮ್ಮ ನೋಡಿದ್ದೇ ಇಲ್ಲ.

"ನೀ ಸರಿ, ಅಣ್ಣ. ಹುಡುಗಿ ಮ್ಯಾಲ ನನಗ ಹಕ್ಕದ!"

"ಯಾವ ಹಕ್ಕು, ಕಾಕಾ?" ಎಂದಳು ವೈಷ್ಣವಿ.

ಜಗಳದ ವಾಸನೆ ಹಿಡಿದು ನಾಲ್ಕು ಮೊಬೈಲು, ಒಂದು ಮೈಕು ಹತ್ತಿರ ಬಂದಿದ್ದವು. ವೈಷ್ಣವಿ ಆ ಮೈಕಿನ ಕಡೆಗೊಮ್ಮೆ ನೋಡಿ, ಎಲ್ಲರಿಗೂ ತಿಳಿಯಲೆಂದು ಮರಾಠಿಯಲ್ಲಿ ಕೇಳಿದಳು. ಗಟ್ಟಿಯಾಗಿ ಏನೂ ಕೇಳಲಿಲ್ಲ. ಚಿಕ್ಕಂದಿನಲ್ಲಿ ಚ್ಯಾಕ್ಲೇಟು ಕೇಳುತ್ತಿದ್ದ ದನಿಯಲ್ಲೇ ಕೇಳಿದಳು.

"ಕಾಕಾ, ನಿಮಗ ಮಕ್ಕಳು ಎಷ್ಟು?"

ಜಯಮಾಲಾ ಒಂದು ಮೆಟ್ಟಿಲು ಕೆಳಗಿಳಿದಳು. ಗಂಡನ ಬಾಯಿಯನ್ನೇ ನೋಡಿದಳು. ಚನ್ನಮ್ಮನೂ ನೋಡಿದಳು, ಅವನು ಈಗ ಮೂರು ಅಂದರೆ ತನ್ನ ಬಾಳು ಮುಗಿಯಿತು ಎಂದುಕೊಂಡು. ಶಿವಲಿಂಗ ಕೊರಳ ಶಾಲು ಸರಿಮಾಡಿಕೊಂಡ. ಬಲಕ್ಕಿದ್ದ ವಿನಯನನ್ನು, ಎಡಕ್ಕಿದ್ದ ತನ್ಮಯನನ್ನು ನೋಡಿದ. ಮೈಕು ನೋಡಿದ.

"ದೋನ್," ಎಂದ. "ಮಲಾ ದೋನ್ ಮುಲಗೆ ಆಹೇತ್. ಸಗಳ್ಯಾಂನಾ ಮಾಹೀತ್ ಆಹೆ."

ಎರಡು. ಇಬ್ಬರು ಗಂಡುಮಕ್ಕಳು, ಎಲ್ಲರಿಗೂ ಗೊತ್ತಿದ್ದದ್ದೇ. ಪತ್ರಕರ್ತರಿಗೆ ಇದರಲ್ಲಿ ಸುದ್ದಿ ಕಾಣಲಿಲ್ಲ. ಮೈಕು ಬೇರೆ ಕಡೆ ತಿರುಗಿತು. ಜಯಮಾಲಾ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅವಳನ್ನು ಎಬ್ಬಿಸಲು ಯಾರೂ ಬರಲಿಲ್ಲ. ಚನ್ನಮ್ಮನೂ ಹೋಗಲಿಲ್ಲ.

"ನಡಿ ಅವ್ವ, ಬಸ್ ಅದ," ಎಂದು ವೈಷ್ಣವಿ ಅವಳ ಕೈ ಹಿಡಿದಳು.

ಗೇಟು ದಾಟಿದರು, ರಸ್ತೆ ದಾಟಿದರು. ಚನ್ನಮ್ಮನಿಗೆ ಸಂತೋಷವಾಗಿತ್ತು. ಮುಚ್ಚಿಡುವುದೇಕೆ, ಹೊಟ್ಟೆ ತುಂಬ ಉಂಡಷ್ಟು ಸಂತೋಷವಾಗಿತ್ತು. ಮಗಳು ತನ್ನವಳು, ಶತ್ರು ಬಿದ್ದ, ಅದೂ ಅವನದೇ ಬಾಯಿಂದ ಬಿದ್ದ. "ಛಲೋ ಮಾಡ್ದಿ ಮಗಳೇ, ಎಲ್ಲರ ಮುಂದ ಬಾಯಿ ಮುಚ್ಚಿಸಿದಿ" ಎಂದು ತಿರುಗಿ ನೋಡಿದಳು.

ವೈಷ್ಣವಿಯ ಮುಖ ಬಿಳಿಚಿತ್ತು.

"ಬಾಯಿ ಮುಚ್ಚಸ್ಲಾಕ ಕೇಳಿಲ್ಲ, ಅವ್ವ," ಎಂದಳು. "ಹೆಸರು ವಾಪಸ್ ತಗೊಂಡೆ, ಸೀಟು ಹೋಯ್ತು. ಇನ್ನ ಅವರಿಗಿ ಹೋಗೂದು ಏನೂ ಉಳದಿರಲಿಲ್ಲ. ಈಗಾದ್ರೂ ಮೂರು ಅಂತಾರೇನೋ ಅಂತ ಕೇಳ್ದೆ."